ಬಲಗಡೆಯ ಆಸನದ ಮಾತು

ನಮ್ಮ ಕನ್ನಡ ಕೂಟಗಳ ಯುಗಾದಿ, ರಾಜ್ಯೋತ್ಸವದ ಸಂಜೆಗಳಲ್ಲಿ ಊಟದ ಸಾಲಿನಲ್ಲಿ ನಿಂತಿರುವಾಗ ಕಿವಿಗೆ ಬೀಳುವ ಗೃಹಿಣಿಯರ ದೂರುಗಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸೇರ್ಪಡೆಯಾಗಿದೆ. ಅರವತ್ತರ ಅಂಚಿನ ಗಂಡಸರು ಶನಿವಾರ ರಾತ್ರಿ ನೆಲಮಾಳಿಗೆಗೆ ಇಳಿದು, ಗಣಕಯಂತ್ರದ ಮುಂದೆ ಕುಳಿತು ವಿಮಾನ ಹಾರಿಸುತ್ತಾರೆ. ಅದೂ ಒಬ್ಬರೇ ಅಲ್ಲ. ಬೇರೊಂದು ರಾಜ್ಯದಲ್ಲಿರುವ ತಮ್ಮನನ್ನೋ ಅಳಿಯನನ್ನೋ ಅದೇ ವಿಮಾನದ ಪಕ್ಕದ ಆಸನದಲ್ಲಿ ಕೂರಿಸಿಕೊಂಡು! ಕೊಂಡ ಉಪಕರಣಗಳ ಬೆಲೆ, ಆರಿಹೋದ ಕಾಫಿ, ಮಾತಿಗೆ ಸಿಗದ ಮನುಷ್ಯ, ಇವೆಲ್ಲ ದೂರಿನ ಅಂಗಗಳು. ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಈ ಹವ್ಯಾಸದಲ್ಲಿ ನಮ್ಮ ಮನೆಗಳಿಗೆ ಬಹುಕಾಲದಿಂದ ಬೇಕಾಗಿದ್ದ ಒಂದು ವಸ್ತು ಅಡಗಿದೆಯೆಂಬುದು ನನ್ನ ಅಭಿಪ್ರಾಯ. ಅದನ್ನು ಸಮ್ಮೇಳನಕ್ಕೆ ಬಂದಿರುವ ಬಂಧುಗಳ ಮುಂದಿಡಲು ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಮನೆಯ ಗಣಕಯಂತ್ರದಲ್ಲಿ ವಿಮಾನ ಚಾಲನೆಯನ್ನು ಯಥಾವತ್ತಾಗಿ ಅನುಕರಿಸುವ ತಂತ್ರಾಂಶವೇ ಫ್ಲೈಟ್ ಸಿಮ್ಯುಲೇಟರ್. ಮೈಕ್ರೋಸಾಫ್ಟ್ ಸಂಸ್ಥೆ ತನ್ನದನ್ನು 1982ರಲ್ಲಿ ಮೊದಲು ಹೊರತಂದಿತು. ಎಕ್ಸ್-ಪ್ಲೇನ್ ಎಂಬ ಇನ್ನೊಂದರ ತಯಾರಕರು ನಮ್ಮ ನೆರೆಯವರೇ, ದಕ್ಷಿಣ ಕೆರೊಲಿನಾದ ಕೊಲಂಬಿಯಾದವರು. ಒಂದೇ ವಿಮಾನದ ಕಾಕ್‌ಪಿಟ್ಟನ್ನು ಇಬ್ಬರು ದೂರದಿಂದ ಹಂಚಿಕೊಳ್ಳುವ ಅನುಕೂಲವನ್ನು ಮೈಕ್ರೋಸಾಫ್ಟ್ 2006ರ ಆವೃತ್ತಿಯಲ್ಲಿ ಒದಗಿಸಿತು. 2020ರಲ್ಲಿ ಹೊಚ್ಚಹೊಸ ಆವೃತ್ತಿ ಬಂದಾಗ ಅದು ಕಾಣೆಯಾಗಿತ್ತು. ಹವ್ಯಾಸಿಗಳೇ ಪ್ರತ್ಯೇಕ ತಂತ್ರಾಂಶ ರಚಿಸಿ ಆ ಕೊರತೆಯನ್ನು ತುಂಬಿಕೊಂಡರು. ಇಬ್ಬರ ಮನೆಯಲ್ಲಿಯೂ ಒಂದೇ ಮಾದರಿಯ ವಿಮಾನವಿರಬೇಕು. ಒಬ್ಬರ ಯಂತ್ರವು ವಿಮಾನದ ಎತ್ತರ, ವೇಗ, ವಾಲುವಿಕೆಗಳನ್ನು ಲೆಕ್ಕಹಾಕಿ ಕ್ಷಣಕ್ಷಣವೂ ಇನ್ನೊಬ್ಬರ ಯಂತ್ರಕ್ಕೆ ಅಂತರಜಾಲದ ಮೂಲಕ ರವಾನಿಸುತ್ತದೆ. ಅಟ್ಲಾಂಟಾದಲ್ಲಿ ಕುಳಿತವರು ಚಕ್ರ ಇಳಿಸುವ ಹಿಡಿಯನ್ನು ಒತ್ತಿದರೆ ಮೇರಿಲ್ಯಾಂಡಿನ ಪರದೆಯ ಮೇಲೂ ಆ ಹಿಡಿ ಕೆಳಗಿಳಿಯುತ್ತದೆ. ಇಬ್ಬರೂ ಏಕಕಾಲಕ್ಕೆ ಚುಕ್ಕಾಣಿಯನ್ನು ಎಳೆದರೋ, ವಿಮಾನ ದಿಕ್ಕೆಟ್ಟು ಓಲಾಡುತ್ತದೆ.

ಇವರಿಗೆ ದಾರಿ ತೋರಲು ವ್ಯಾಟ್‌ಸಿಮ್ ಎಂಬ ಜಾಲವೂ ಉಂಟು. 2001ರಲ್ಲಿ ಆರಂಭವಾದ ಈ ಜಾಲದಲ್ಲಿ ಸ್ವಯಂಸೇವಕರು ವಾಯುಸಂಚಾರ ನಿಯಂತ್ರಕರಾಗಿ ಕುಳಿತು, ನೈಜ ಕೇಂದ್ರಗಳ ಹೆಸರಿನಲ್ಲಿಯೇ ಅಪ್ಪಣೆ ಕೊಡುತ್ತಾರೆ. ನೈಜ ವಾಷಿಂಗ್ಟನ್ ಕೇಂದ್ರವಿರುವುದು ವರ್ಜೀನಿಯಾದ ಲೀಸ್‌ಬರ್ಗ್‌ನಲ್ಲಿ. ಅಟ್ಲಾಂಟಾ ಕೇಂದ್ರವಿರುವುದು ಜಾರ್ಜಿಯಾದ ಹ್ಯಾಂಪ್ಟನ್‌ನಲ್ಲಿ. ರ‍್ಯಾಲಿ ನಗರದ ಆಕಾಶ ಮೊದಲನೆಯದಕ್ಕೂ ಷಾರ್ಲಟ್ ನಗರದ ಆಕಾಶ ಎರಡನೆಯದಕ್ಕೂ ಸೇರಿವೆ. ಉತ್ತರ ಕೆರೊಲಿನಾದ ಈ ಎರಡು ಊರುಗಳ ಕನ್ನಡಿಗರು ನೆಲದ ಮೇಲೆ ಒಂದೇ ರಾಜ್ಯದವರಾದರೂ ಆಕಾಶದಲ್ಲಿ ಬೇರೆ ಮನೆಯವರು!

ಆಸನ ಹಂಚಿಕೊಳ್ಳುವ ಸಮಸ್ಯೆ ವಿಮಾನದಷ್ಟೇ ಹಳೆಯದು. ಉತ್ತರ ಕೆರೊಲಿನಾದ ಕಿಟಿಹಾಕ್ ಬಳಿ 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ 12 ಸೆಕೆಂಡು ಹಾರಿದಾಗ ಅದರಲ್ಲಿ ಒಬ್ಬನಿಗೆ ಮಾತ್ರ, ಅದೂ ಬೋರಲು ಮಲಗಲು, ಎಡೆಯಿತ್ತು. 1909ರಲ್ಲಿ ವಿಲ್ಬರ್ ರೈಟ್ ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ಗೆ ಬಂದು ಸೇನೆಯ ಅಧಿಕಾರಿಗಳಿಗೆ ಚಾಲನೆ ಕಲಿಸುವ ವೇಳೆಗೆ ಆಸನಗಳು ಎರಡಾಗಿದ್ದವು. ರೈಟರ ಆ ಕಾಲದ ವಿಮಾನಗಳಲ್ಲಿ ಎರಡು ಆಸನಗಳ ನಡುವೆ ಒಂದು ಸನ್ನೆಗೋಲನ್ನು ಗುರುಶಿಷ್ಯರಿಬ್ಬರೂ ಹಂಚಿಕೊಳ್ಳಬೇಕಾಗಿತ್ತು. ಹೀಗಾಗಿ ಯಾವ ಬದಿಯಲ್ಲಿ ಕಲಿತನೋ ಆ ಬದಿಯಲ್ಲಿಯೇ ಹಾರಿಸಬಲ್ಲ ಚಾಲಕರು ತಯಾರಾದರಂತೆ. ಅದೇ ಅಕ್ಟೋಬರ್ 27ರಂದು ವಿಲ್ಬರ್, ಸೇನಾಧಿಕಾರಿಯೊಬ್ಬರ ಪತ್ನಿ ಶ್ರೀಮತಿ ವ್ಯಾನ್ ಡಿಮನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದ. ಈ ದೇಶದಲ್ಲಿ ವಿಮಾನವೇರಿದ ಮೊದಲ ಮಹಿಳೆ ಆಕೆ. ನಮ್ಮ 'ಕಾವೇರಿ' ಕೂಟದ ಬಂಧುಗಳು ಹಲವರು ಪ್ರತಿದಿನ ಕೆಲಸಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಆ ಮೈದಾನ ಇಂದಿಗೂ ವಿಮಾನ ನಿಲ್ದಾಣವಾಗಿ ಉಳಿದಿದೆ.

ಅಲ್ಲಿಂದ ಮುಂದೆ ಎರಡು ಆಸನಗಳಿಗೂ ಪೂರ್ಣ ಚುಕ್ಕಾಣಿ ಬಂದಿತು. ಆದರೆ ಬಲಗಡೆ ಕುಳಿತ ಸಹಚಾಲಕನಿಗೆ ಬಾಯಿ ಬಂದಿತೆ? ಇದಕ್ಕೆ ಉತ್ತರ ಹುಡುಕಲು ನಾವು ವಾಸಿಸುವ ಊರುಗಳನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

1974ರ ಸೆಪ್ಟೆಂಬರ್ 11ರಂದು ಷಾರ್ಲಟ್‌ನಲ್ಲಿ ಇಳಿಯಬೇಕಾಗಿದ್ದ ಈಸ್ಟರ್ನ್ ಸಂಸ್ಥೆಯ ವಿಮಾನ ಮಂಜಿನಲ್ಲಿ ನಿಲ್ದಾಣವನ್ನು ಮುಟ್ಟುವ ಮೊದಲೇ ನೆಲಕ್ಕೆ ಬಡಿಯಿತು. ಸತ್ತವರು 70ಕ್ಕೂ ಹೆಚ್ಚು ಮಂದಿ. ಇಳಿಯುವ ಹೊತ್ತಿನಲ್ಲಿ ಚಾಲಕರಿಬ್ಬರೂ ಕೆಲಸಕ್ಕೆ ಸಂಬಂಧವಿಲ್ಲದ ಹರಟೆಯಲ್ಲಿದ್ದರು. ಹತ್ತು ಸಾವಿರ ಅಡಿಗಿಂತ ಕೆಳಗೆ ಅನಗತ್ಯ ಮಾತು ಕೂಡದೆಂಬ 1981ರ ನಿಯಮಕ್ಕೆ ಈ ದುರಂತವೂ ಒಂದು ಕಾರಣ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ನಡೆದದ್ದು ಇದರ ವಿಪರ್ಯಾಸ. ಹಿಮ ಸುರಿಯುತ್ತಿದ್ದ ಮಧ್ಯಾಹ್ನ ಏರ್ ಫ್ಲಾರಿಡಾ ವಿಮಾನ ಓಡುದಾರಿಯಲ್ಲಿ ವೇಗ ಪಡೆಯುತ್ತಿದ್ದಾಗ, ಸಹಚಾಲಕ ಎಂಜಿನ್ನಿನ ಸೂಚಕಗಳನ್ನು ನೋಡಿ ಏನೋ ಸರಿಯಿಲ್ಲವೆಂದು ಮತ್ತೆಮತ್ತೆ ಹೇಳಿದ. ಸರಿಯಾಗಿಯೇ ಇದೆಯೆಂದು ಮುಖ್ಯ ಚಾಲಕ ಉತ್ತರಿಸಿದ. ವಿಮಾನ ಮೇಲೆದ್ದ ಕೆಲವೇ ಕ್ಷಣಗಳಲ್ಲಿ 14ನೆಯ ಬೀದಿಯ ಸೇತುವೆಗೆ ಬಡಿದು ಪೊಟೋಮ್ಯಾಕ್ ನದಿಗೆ ಬಿದ್ದಿತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಅಸುನೀಗಿದರು. ಒಂದೆಡೆ ಬೇಡದ ಮಾತು; ಇನ್ನೊಂದೆಡೆ ಬೇಕಾದ ಮಾತು ಆಡಿದರೂ ಕೇಳದ ಕಿವಿ.

ಮಂಗಳೂರನ್ನು ನಾನು ಹೇಳದೆಯೇ ನೀವು ನೆನೆದಿರಬೇಕು. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ನೆತ್ತಿಯ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ಸತ್ತರು. ಎಂಟು ಮಂದಿ ಬದುಕಿದರು. ಮುಖ್ಯ ಚಾಲಕ ಪ್ರಯಾಣದ ಬಹುಕಾಲ ನಿದ್ರಿಸಿದ್ದನೆಂದೂ, ವಿಮಾನ ಮಿತಿಮೀರಿದ ಎತ್ತರದಿಂದ ಇಳಿಯುತ್ತಿದ್ದಾಗ ಮರಳಿ ಮೇಲೇರಬೇಕೆಂದು ಸಹಚಾಲಕ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದನೆಂದೂ ತನಿಖೆಯಲ್ಲಿ ತಿಳಿದುಬಂತು. ಹೇಳಿದ, ಆದರೆ ಚುಕ್ಕಾಣಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಆ ಯಾತ್ರಿಕರಲ್ಲಿ ಕರಾವಳಿಯ, ಕಾಸರಗೋಡಿನ ಎಷ್ಟು ಮನೆಗಳ ಮಕ್ಕಳಿದ್ದರು! ಹಿರಿಯರ ಕೈಯಿಂದ ಹಿಡಿತ ಕಸಿದುಕೊಳ್ಳುವುದಕ್ಕೆ ನಮ್ಮ ಸಂಸ್ಕಾರ ಎಷ್ಟು ಹಿಂಜರಿಯುತ್ತದೆಂಬುದನ್ನು ಬಲ್ಲವರಿಗೆ ಆ ಕೊನೆಯ ನಿಮಿಷಗಳನ್ನು ನೆನೆದರೆ ಎದೆ ಭಾರವಾಗುತ್ತದೆ.

ಇಂಥ ದುರಂತಗಳಿಂದ ಪಾಠ ಕಲಿತು, 1979ರಲ್ಲಿ ನಾಸಾ ಸಂಸ್ಥೆ ಕರೆದ ಕಮ್ಮಟದಿಂದ ಮೊದಲ್ಗೊಂಡು, ವಿಮಾನಯಾನ ಜಗತ್ತು ಮಾತಿನ ಶಿಸ್ತನ್ನೇ ಒಂದು ವಿದ್ಯೆಯಾಗಿ ಬೆಳೆಸಿತು. ಕಿರಿಯನು ಕಂಡದ್ದನ್ನು ಹೇಳಬೇಕು. ಹಿರಿಯನು ಅದಕ್ಕೆ ಉತ್ತರಿಸಬೇಕು. ಚುಕ್ಕಾಣಿಯನ್ನು ಒಪ್ಪಿಸುವಾಗ ಮೂರು ಮಾತು: 'ಹಿಡಿತ ನಿನ್ನದು' ಎಂದು ಒಬ್ಬ, 'ಹಿಡಿತ ನನ್ನದು' ಎಂದು ಇನ್ನೊಬ್ಬ, 'ಹಿಡಿತ ನಿನ್ನದು' ಎಂದು ಮತ್ತೆ ಮೊದಲಿನವ. ದಾನ ಕೊಡುವಾಗ 'ನ ಮಮ' ಎಂದು ನೀರು ಬಿಡುವ ನಮಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ನಮ್ಮ ಭಾರತ ಕಥೆಯಲ್ಲಿಯೂ ಈ ಎರಡು ಬಗೆಯ ರಥಗಳಿವೆ. ಸರ್ಪಾಸ್ತ್ರದ ಗುರಿಯನ್ನು ಬದಲಿಸೆಂದು ಶಲ್ಯ ಹೇಳಿದ್ದನ್ನು ಕರ್ಣ ಕೇಳಲಿಲ್ಲ; ಬಾಣ ಕಿರೀಟವನ್ನಷ್ಟೇ ಕೊಂಡೊಯ್ದಿತು. ಅದೇ ವಿರಾಟನಗರದ ಹೊರಗೆ, ಕೌರವಸೇನೆಯನ್ನು ಕಂಡು ಬೆದರಿದ ಉತ್ತರಕುಮಾರನಿಗೆ ಬೃಹನ್ನಳೆ ಕುದುರೆಗಳ ವಾಘೆಯನ್ನು ಕೊಟ್ಟು ತಾನು ಬಿಲ್ಲನ್ನು ಹಿಡಿದಳು. ಇಬ್ಬರೂ ಆಸನ ಬದಲಿಸಿಕೊಂಡರು, ಯುದ್ಧ ಗೆದ್ದಿತು. ಕನ್ನಡವನ್ನು ಐಚ್ಛಿಕವಾಗಿ ಓದಿದವಳ ಚಾಳಿ ಇದು, ಕ್ಷಮೆಯಿರಲಿ.

ಈಗ ನಮ್ಮ ಮನೆಯ ಮಾತು. ನನ್ನ ಯಜಮಾನರು ಮೇರಿಲ್ಯಾಂಡಿನಲ್ಲಿ, ಅವರ ತಮ್ಮ ಅಟ್ಲಾಂಟಾದಲ್ಲಿ, ನಮ್ಮ ಮಗಳು ಷಾರ್ಲಟ್‌ನಲ್ಲಿ. ಶನಿವಾರ ರಾತ್ರಿ ಇವರಲ್ಲಿ ಇಬ್ಬರು ಒಂದು ವಿಮಾನದಲ್ಲಿರುತ್ತಾರೆ. ಅಣ್ಣನ ಎದುರು ತಮ್ಮ ದನಿ ಎತ್ತದ ಮಲೆನಾಡಿನ ಮನೆತನ ಅವರದು. ಅಪ್ಪನ ಕಾಲದ ತೋಟ ಮಾರಿದಾಗ ತಮ್ಮನಿಗೆ ಮನಸ್ಸಿರಲಿಲ್ಲವೆಂಬುದು ಮಾರಿ ಹನ್ನೆರಡು ವರ್ಷದ ಮೇಲೆ, ಅವರ ಹೆಂಡತಿಯ ಬಾಯಿಂದ ನನಗೆ ತಿಳಿಯಿತು. ಕೇಳಿದಾಗ 'ಅಣ್ಣ ಹೇಳಿದ ಮೇಲೆ ಮುಗಿಯಿತು' ಎಂದಿದ್ದರಂತೆ. ಅದೇ ಮನುಷ್ಯ ಕಳೆದ ಚಳಿಗಾಲದ ಒಂದು ರಾತ್ರಿ, ಪೊಟೋಮ್ಯಾಕ್ ನದಿಯ ತಿರುವುಗಳನ್ನು ಅನುಸರಿಸಿ ರೇಗನ್ ನಿಲ್ದಾಣಕ್ಕೆ ಇಳಿಯುವಾಗ, 'ಅಣ್ಣಾ, ವೇಗ ಹೆಚ್ಚಾಯಿತು' ಎಂದರು. ಉತ್ತರ ಬರಲಿಲ್ಲ. 'ಅಣ್ಣಾ, ಮೇಲೇರಿ' ಎಂದರು. ಮೆಟ್ಟಿಲ ಮೇಲೆ ಮಡಿಸಿದ ಬಟ್ಟೆ ಹೊತ್ತು ನಿಂತಿದ್ದ ನಾನು ಆ ದನಿಯನ್ನು ಮೂವತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಇವರು ಒಂದು ಕ್ಷಣ ಸುಮ್ಮನಿದ್ದು, ವಿಮಾನವನ್ನು ಮೇಲೇರಿಸಿದರು.

ಗಮನಿಸಿ: 'ಮೇಲೇರು' ಅಲ್ಲ, 'ಮೇಲೇರಿ'. ನಿಯಂತ್ರಕರೊಡನೆ ಆಡುವ ಮಾತೆಲ್ಲ ಇಂಗ್ಲಿಷಿನಲ್ಲಿದ್ದರೂ ಒಳಗಿನ ಮಾತು ಕನ್ನಡದ್ದೇ. ಬಹುವಚನದ ಮರ್ಯಾದೆ ಬಿಡದೆಯೂ ಎದುರು ಹೇಳಲು ನಮ್ಮ ಭಾಷೆ ಬರುತ್ತದೆ, ಬಾರದಿದ್ದುದು ನಮಗೆ. ಈ ವರ್ಷ ಊರಿನಲ್ಲಿರುವ ಅತ್ತೆಯವರ ಆರೈಕೆಯ ಪ್ರಶ್ನೆ ಬಂದಾಗ ತಮ್ಮ ಮೊದಲ ಬಾರಿಗೆ ಅಣ್ಣನ ಯೋಜನೆಯನ್ನು ಒಪ್ಪಲಿಲ್ಲ. ಎರಡು ದಿನ ದೂರವಾಣಿಯಲ್ಲಿ ಚರ್ಚೆ ನಡೆದು, ಅತ್ತೆ ತಮ್ಮ ಮನೆಯಲ್ಲೇ ಉಳಿದರು. ಇದೆಲ್ಲ ಸಿಮ್ಯುಲೇಟರಿನ ಮಹಿಮೆಯೆಂದು ಸಾರುವಷ್ಟು ಭೋಳೆ ನಾನಲ್ಲ. ಆದರೆ ಬಾಯಿಗೂ ಅಭ್ಯಾಸ ಬೇಕು, ಕಿವಿಗೂ ಬೇಕು. ಅಭ್ಯಾಸಕ್ಕೆ ಯಾರೂ ಸಾಯದ ಒಂದು ಸ್ಥಳ ಬೇಕು. ಎಡ್ವಿನ್ ಲಿಂಕ್ 1929ರಲ್ಲಿ, ತಂದೆಯ ಆರ್ಗನ್ ಕಾರ್ಖಾನೆಯ ಗಾಳಿತಿದಿಗಳನ್ನು ಬಳಸಿ, ನೆಲ ಬಿಡದ ತರಬೇತಿ ವಿಮಾನವನ್ನು ಕಟ್ಟಿದ್ದು ಅದಕ್ಕಾಗಿಯೇ ಅಲ್ಲವೆ?

ಬಲಗಡೆಯ ಆಸನ ಗೃಹಿಣಿಯರಿಗೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಈ ದೇಶಕ್ಕೆ ಬಂದ ನಾವು, ತೊಡೆಯ ಮೇಲೆ ಕಾಗದದ ನಕ್ಷೆ ಹರಡಿಕೊಂಡು 95ನೆಯ, 85ನೆಯ ಹೆದ್ದಾರಿಗಳಲ್ಲಿ ಎಷ್ಟು ಸಲ 'ಮುಂದಿನ ತಿರುವು ನಮ್ಮದು' ಎಂದಿಲ್ಲ, ಎಷ್ಟು ಸಲ ಆ ತಿರುವು ಹಿಂದೆ ಉಳಿದಿಲ್ಲ! ನಮ್ಮ ಮಗಳು ಮಾತ್ರ ಎಡಗಡೆಯ ಆಸನದಲ್ಲಿ ಕೂರುತ್ತಾಳೆ. ಅಪ್ಪ ಬಲಗಡೆ ಕುಳಿತು ಪರಿಶೀಲನಾ ಪಟ್ಟಿಯನ್ನು ಓದುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಾಗಿ ಬಂದ ಏರ್ ಇಂಡಿಯಾ ವಿಮಾನದ ಚಾಲಕರೆಲ್ಲರೂ ಮಹಿಳೆಯರೆಂಬ ಸುದ್ದಿಯನ್ನು ಅವಳು ನನಗೆ ಮೂರು ಸಲ ಓದಿ ಹೇಳಿದ್ದಳು.

ಆ ಹೊತ್ತನ್ನು ಮಕ್ಕಳಿಗೆ ಕನ್ನಡ ಕಲಿಸಲು ಬಳಸಬಾರದೆ ಎನ್ನುವವರಿದ್ದಾರೆ. ಬಳಸಲಿ, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಮೈಸೂರಿನಲ್ಲಿರುವ ನನ್ನ ತಂಗಿಯ ಮಗ, ನಮ್ಮ ಶನಿವಾರದ ರಾತ್ರಿ ಒಂಬತ್ತಕ್ಕೆ, ಅಂದರೆ ಬೇಸಿಗೆಯಲ್ಲಿ ಅವನ ಭಾನುವಾರದ ಬೆಳಗಿನ ಆರೂವರೆಗೆ, ಎದ್ದು ಬಂದು ಮಗಳ ಪಕ್ಕದಲ್ಲಿ ಕೂರುವಾಗ ಅವಳ ಕನ್ನಡ ಯಾವ ತರಗತಿಯಲ್ಲಿಯೂ ಕಾಣದ ಚುರುಕಿನಿಂದ ಓಡುತ್ತದೆ. ಹಾಗೆಂದು ಇದು ನಿಜವಾದ ಹಾರಾಟವೆಂಬ ಭ್ರಮೆ ಬೇಡ. ಸರ್ಕಾರದ ಮಾನ್ಯತೆಯಿಲ್ಲದ ಮನೆಯ ಯಂತ್ರದಲ್ಲಿ ಕಳೆದ ಗಂಟೆಗಳು ಚಾಲಕನ ಪರವಾನಗಿಯ ಲೆಕ್ಕಕ್ಕೆ ಬಾರವು. ಕುರ್ಚಿ, ಚುಕ್ಕಾಣಿ, ಪೆಡಲು ಎಂದು ಸಾವಿರಾರು ಡಾಲರು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸಾಧಾರಣ ಹಿಡಿಯೊಂದು ಸಾಕು.

ಸಮ್ಮೇಳನದ ವ್ಯವಸ್ಥಾಪಕರಲ್ಲಿ ಒಂದು ಅರಿಕೆ. ಮುಂದಿನ ಸಲ ಯುವಜನರ ವೇದಿಕೆಯ ಮೂಲೆಯಲ್ಲಿ ಎರಡು ಮೇಜು, ಎರಡು ಗಣಕಯಂತ್ರಗಳಿಗೆ ಸ್ಥಳ ಕೊಡಿ. 'ಕಾವೇರಿ'ಯಿಂದ ಒಬ್ಬರು, ಅಟ್ಲಾಂಟಾದ 'ನೃಪತುಂಗ'ದಿಂದ ಒಬ್ಬರು ಕೂರಲಿ. ಎಡಗಡೆ ಕಿರಿಯರು, ಬಲಗಡೆ ಹಿರಿಯರು, ಅರ್ಧ ದಾರಿಯಲ್ಲಿ ಅದಲುಬದಲು. ಹೊರಡುವುದು ಎಲ್ಲಿಂದಲಾದರೂ ಆಗಲಿ, ಇಳಿಯುವುದು ಬಜಪೆಯಲ್ಲಿ. ಗೃಹಿಣಿಯರು ಕಾಫಿಯ ತಟ್ಟೆ ಹಿಡಿದು ಹಿಂದೆ ನಿಲ್ಲದೆ ತಮ್ಮ ಹೆಸರನ್ನೂ ಪಟ್ಟಿಯಲ್ಲಿ ಬರೆಸಲಿ. ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.