ಗುಡಿ ತೋರಿಸಿ ನಿಯಮ ಮುಚ್ಚಿಡುವ ಜಾಹೀರಾತು



ಬೇಲೂರು, ಸೋಮನಾಥಪುರದ ದೇವಾಲಯಗಳ ಜೊತೆ ಹಳೇಬೀಡಿನ ಹೊಯ್ಸಳೇಶ್ವರವೂ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆಸ್ತಿ ಮಾರಾಟದ ಜಾಲತಾಣಗಳಿಗೆ ಈಗ ಅದೇ ಬಂಡವಾಳ. 'ದೇವಸ್ಥಾನಕ್ಕೆ ತೀರಾ ಹತ್ತಿರ, ರೆಸಾರ್ಟಿಗೆ ಹೇಳಿ ಮಾಡಿಸಿದ ಜಾಗ' ಎಂಬಂಥ ಒಕ್ಕಣೆ, ಜೊತೆಗೆ ಗುಡಿಯದೇ ಫೋಟೊ. ಸರ್ವೆ ನಂಬರ್ ಇರುವುದಿಲ್ಲ. ಭೂಪರಿವರ್ತನೆ ಆಗಿದೆಯೇ ಎಂಬ ಮಾತೂ ಇರುವುದಿಲ್ಲ.

ಹತ್ತಿರ ಎಂಬುದೇ ಇಲ್ಲಿ ತೊಡಕು. 1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯೂ ಸೇರಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಮೂರು ಬಸದಿಗಳು ಕೇಂದ್ರದ ಸಂರಕ್ಷಿತ ಸ್ಮಾರಕಗಳು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಮುಂಗಡ ಕೊಟ್ಟ ಮೇಲೆ ಇದು ತಿಳಿದು ಫಲವೇನು?

ಸರ್ವೆ ನಂಬರ್ ಮುಚ್ಚಿಡಲು ಕಾರಣವಿದೆ. ಅದು ಸಿಕ್ಕರೆ ಗಿರಾಕಿ ಸರ್ಕಾರದ 'ಭೂಮಿ' ತಾಣದಲ್ಲಿ ಪಹಣಿ ನೋಡಿ ನೇರ ಮಾಲೀಕರ ಮನೆಗೇ ಹೋಗುತ್ತಾನೆ. ದಲ್ಲಾಳಿಗೆ ಕಮಿಷನ್ ತಪ್ಪುತ್ತದೆ. ನಂಬರ್ ಇಲ್ಲದ್ದರಿಂದಲೇ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಎತ್ತಿ ಹಾಕುವುದು ಸಲೀಸು. ಒಂದೇ ಜಮೀನು ಬೇರೆ ಬೇರೆ ತಾಣಗಳಲ್ಲಿ ಬೇರೆ ಬೇರೆ ಬೆಲೆಗೆ ಕಾಣುತ್ತದೆ. ಮಾರಿಹೋದ ಮೇಲೂ ಜಾಹೀರಾತು ಅಳಿಯುವುದಿಲ್ಲ.

500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದ ಲೇಔಟ್‌ಗಳ ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಇರಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯ್ದೆ ಹೇಳುತ್ತದೆ. ಆದರೆ ಲೇಔಟ್ ಆಗದ ಹೊಲದ ಮಾರಾಟ ಅದರ ವ್ಯಾಪ್ತಿಗೆ ಬಾರದು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು 2020ರಲ್ಲಿ ರಾಜ್ಯ ಸರ್ಕಾರ ದಾರಿ ತೆರೆಯಿತು. ಹೊಲದ ಕಾಗದಪತ್ರ ಓದಿ ಅಭ್ಯಾಸವಿಲ್ಲದ ಊರಾಚೆಯ ಕೊಳ್ಳುಗರಿಗೆ ಮಾತ್ರ ಯಾವ ರಕ್ಷಣೆಯೂ ಬರಲಿಲ್ಲ.

ದಲ್ಲಾಳಿಗಳ ಹೊಟ್ಟೆಯ ಮೇಲೆ ಹೊಡೆಯದೆಯೂ ಇದನ್ನು ಸರಿಪಡಿಸಬಹುದು. ಸರ್ವೆ ನಂಬರ್, ಮಾಲೀಕರ ಒಪ್ಪಿಗೆ ಎರಡನ್ನೂ ಜಾಲತಾಣ ಪಡೆದು ತನ್ನಲ್ಲೇ ಇಟ್ಟುಕೊಳ್ಳಲಿ. ಕೃಷಿ ಜಮೀನೋ ಪರಿವರ್ತನೆಯಾದದ್ದೋ, ಸಂರಕ್ಷಿತ ಸ್ಮಾರಕದಿಂದ ಎಷ್ಟು ಮೀಟರ್, ಜಾಹೀರಾತು ಹಾಕಿದ್ದು ಯಾವಾಗ ಎಂಬಷ್ಟನ್ನು ಎಲ್ಲರಿಗೂ ಕಾಣಿಸಲಿ. 'ನಮ್ಮದು ಬರೀ ವೇದಿಕೆ' ಎಂದು ಜಾರಿಕೊಳ್ಳಲು ಬಿಡದೆ ಸರ್ಕಾರ ಇದನ್ನು ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಸರ್ವೆ ನಂಬರ್ ಕೈಗೆ ಬಾರದೆ ಯಾರೂ ಮುಂಗಡ ಕೊಡಬೇಡಿ.

– ಓದುಗ, ಬಸ್ತಿಹಳ್ಳಿ, ಬೇಲೂರು ತಾಲ್ಲೂಕು