ಫ್ಯೂಜಿ ಬಂತು, ಹೋಯ್ತು, ನಾನು ಫೋನ್ ನೋಡ್ತಿದ್ದೆ

ಹೋದ ಕಂತಿನಲ್ಲಿ ಮದುವೆ ಖರ್ಚಿನ ಗೋಳು ಹೇಳಿಕೊಂಡಿದ್ದೆ. ಈ ಸಲ ಅದಕ್ಕಿಂತ ದೊಡ್ಡ ಖರ್ಚಿನ ಕಥೆ. ಕ್ಯೋಟೊದ ಒಂದು ಪುಟ್ಟ ಹೋಟೆಲ್ ರೂಮಿನಲ್ಲಿ ಕೂತು ಬರೀತಿದೀನಿ. ಮದುವೆಯಾಗಿ 19 ದಿನ. ಮೂರು ತಿಂಗಳ ವಿಶ್ವ ಪರ್ಯಟನೆ ಹನಿಮೂನ್ ಶುರುವಾಗಿ ಇವತ್ತಿಗೆ ಏಳನೇ ದಿನ.

'ರೌಂಡ್ ದಿ ವರ್ಲ್ಡ್ ಟಿಕೆಟ್' ಅಂತ ಒಂದಿದೆ, ತುಂಬಾ ಜನಕ್ಕೆ ಗೊತ್ತಿಲ್ಲ. ವಿಮಾನ ಕಂಪನಿಗಳ ಒಕ್ಕೂಟಗಳು ಮಾರುತ್ತವೆ. ಖಂಡದಿಂದ ಖಂಡಕ್ಕೆ ಒಂದೇ ದಿಕ್ಕಿನಲ್ಲಿ ಹೋಗುತ್ತಿರಬೇಕು, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಎರಡನ್ನೂ ದಾಟಬೇಕು, ಒಂದು ವರ್ಷದೊಳಗೆ ಹೊರಟ ದೇಶಕ್ಕೆ ವಾಪಸಾಗಬೇಕು. ನಮ್ಮದು ಬೆಂಗಳೂರು, ಟೋಕಿಯೊ, ಲಾಸ್ ಏಂಜಲೀಸ್, ಮೆಕ್ಸಿಕೊ ಸಿಟಿ, ಲಂಡನ್, ಮತ್ತೆ ಬೆಂಗಳೂರು. ಹೊರಡೋ ಆಸೆ ಇರುವವರಿಗೆ ಒಂದು ಮಾತು: ಮೊದಲು ಅಮೆರಿಕ ವೀಸಾ ಮಾಡಿಸಿಕೊಳ್ಳಿ. ಅದು ಕೈಯಲ್ಲಿದ್ದರೆ ಮೆಕ್ಸಿಕೊ ಪ್ರವಾಸಕ್ಕೆ ಬೇರೆ ವೀಸಾ ಬೇಡ.

ದುಡ್ಡು ಎಲ್ಲಿಂದ ಬಂತು ಅಂತೀರಾ? ಸೈಟ್ ತಗೊಳ್ಳೋಕೆ ಅಂತ ಇಬ್ಬರೂ ಬೇರೆ ಬೇರೆ ಕೂಡಿಟ್ಟಿದ್ದು. ಅಪ್ಪ ಹದಿನೈದು ದಿನ ಮಾತು ಬಿಟ್ಟಿದ್ದರು. ನನಗೆ ಆಫೀಸಿನಲ್ಲಿ ಮೂರು ತಿಂಗಳು ಸಂಬಳವಿಲ್ಲದ ರಜೆ ಸಿಕ್ಕಿತು. ಇವಳಿಗೆ ಸಿಗಲಿಲ್ಲ. ಒಂದು ವಾರ ಯೋಚನೆ ಮಾಡಿ ರಾಜೀನಾಮೆ ಕೊಟ್ಟಳು. ಅವತ್ತು ನಾನು ಕೊಟ್ಟ ಮಾತು ಒಂದೇ: "ಮೂರು ತಿಂಗಳು ಆಫೀಸ್ ಕಡೆ ತಿರುಗಿಯೂ ನೋಡಲ್ಲ."

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಏಳು ತಿಂಗಳ ಪರಿಚಯ. ನಾನು 'ನೀನು' ಅಂತೀನಿ, ಅವಳು 'ನೀವು', 'ರೀ' ಅಂತಾಳೆ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಡಿಗ್ರಿ. 'ನೀನು' ಅನ್ನು ಅಂತ ಎಷ್ಟೋ ಸಲ ಹೇಳಿದೆ. "ಬಾಯಿಗೆ ಬರಲ್ಲ ರೀ" ಅಂತ ನಗ್ತಿದ್ದಳು.

ಮೊದಲ ಮೂರು ದಿನ ಟೋಕಿಯೊ. ಹೋಟೆಲ್ ರೂಮಿನಲ್ಲಿ ಎರಡು ಸೂಟ್‌ಕೇಸ್ ಒಟ್ಟಿಗೆ ತೆಗೆಯೋಕೆ ಜಾಗ ಇರಲಿಲ್ಲ. ಒಬ್ಬರು ಮಂಚದ ಮೇಲೆ ಕೂತರೆ ಇನ್ನೊಬ್ಬರ ಸೂಟ್‌ಕೇಸ್ ಬಾಯಿ ಬಿಡಬೇಕು. ಇವಳು ಸಸ್ಯಾಹಾರಿ. ತರಕಾರಿ ಉಡಾನ್ ಅಂತ ತರಿಸಿದರೆ ಅದರ ಸಾರೇ ಒಣಮೀನಿನದ್ದು. 'ದಾಶಿ' ಅಂತಾರೆ, ಅಲ್ಲಿನ ಅಡುಗೆಯಲ್ಲಿ ನಮ್ಮ ಒಗ್ಗರಣೆ ಇದ್ದ ಹಾಗೆ, ಎಲ್ಲದರಲ್ಲೂ ಇರುತ್ತೆ. ಕೊನೆಗೆ ಕೈ ಹಿಡಿದದ್ದು ಬೀದಿ ಮೂಲೆಯ ಅಂಗಡಿಗಳ ಒನಿಗಿರಿ. ಅನ್ನದ ಉಂಡೆ, ಮಧ್ಯದಲ್ಲಿ ಹುಳಿಹುಳಿ ಉಮೆಬೋಶಿ. ಫೋನ್ ಕ್ಯಾಮೆರಾದಲ್ಲಿ ಲೇಬಲ್ ಓದಿಸಿ ಓದಿಸಿ ತಗೊಂಡು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಜೊತೆ ತಿಂದಳು. ಮೂರನೇ ದಿನ ನಿಶಿ ಕಸಾಯಿಗೆ ಹೋದೆವು. ಭಾರತದ ಐಟಿ ಮಂದಿ ತುಂಬಾ ಇರುವ ಬಡಾವಣೆ. ದೋಸೆ ಸಿಕ್ಕಿತು. ಪಕ್ಕದ ಟೇಬಲಿನವರು "ಸ್ಪ್ರಿಂಟ್ ಮುಗಿದಿಲ್ಲ" ಅಂತ ಮಾತಾಡೋದು ಕೇಳಿ ಇವಳು ಜೋರಾಗಿ ನಕ್ಕಳು. ನಾನು ಅಷ್ಟಾಗಿ ನಗಲಿಲ್ಲ. ಆಗಲೇ ನನ್ನ ಫೋನ್ ಜೇಬಿನಲ್ಲಿ ಎರಡು ಸಲ ನಡುಗಿತ್ತು.

ನಾಲ್ಕನೇ ದಿನ ಶಿಂಕಾನ್ಸೆನ್. 1964ರ ಅಕ್ಟೋಬರ್ 1ರಂದು ಶುರುವಾದ ಮಾರ್ಗ, ಈಗ ಗಂಟೆಗೆ 285 ಕಿ.ಮೀ. ವೇಗ. ಕ್ಯೋಟೊಗೆ ಎರಡೂಕಾಲು ಗಂಟೆ. ಟೋಕಿಯೊದಿಂದ ಹೋಗುವಾಗ ಫ್ಯೂಜಿ ಪರ್ವತ ಬಲಗಡೆ ಕಾಣುತ್ತೆ, ಅದಕ್ಕೆ ಬಲಗಡೆ ಕಿಟಕಿ ಸೀಟು ಬೇಕು ಅಂತ ತಿಂಗಳ ಹಿಂದೆಯೇ ನನ್ನ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಿದ್ದೆ. ಪ್ರತಿ ದಿನ, ಪ್ರತಿ ಗಂಟೆ ಏನು ಮಾಡಬೇಕು ಅಂತ ಅದರಲ್ಲಿ ಇತ್ತು. ಮುಕ್ಕಾಲು ಗಂಟೆ ಆಗಿರಬೇಕು. "ರೀ, ನೋಡಿ ನೋಡಿ" ಅಂದಳು. "ಒಂದೇ ನಿಮಿಷ" ಅಂದೆ. ಟೀಮಿನ ಹುಡುಗ ಏನೋ ಕೇಳಿದ್ದ, ಎರಡು ಸಾಲು ಉತ್ತರ. ತಲೆ ಎತ್ತಿದಾಗ ಕಿಟಕಿಯಲ್ಲಿ ಫ್ಯಾಕ್ಟರಿ ಗೋಡೆ. ಮೋಡವೇ ಇರಲಿಲ್ಲವಂತೆ, ನೆತ್ತಿಯ ಹಿಮ ಪೂರ್ತಿ ಕಾಣ್ತಿತ್ತಂತೆ. "ಫೋಟೊ ತೆಗೆದ್ಯಾ?" ಅಂದೆ. "ಇಲ್ಲ, ನಿಮ್ಮನ್ನ ಕರೀತಿದ್ದೆ" ಅಂದಳು.

ಐದನೇ ರಾತ್ರಿ. ಜಪಾನಿನಲ್ಲಿ ಹನ್ನೆರಡು ಗಂಟೆ ಅಂದರೆ ನಮ್ಮಲ್ಲಿ ಎಂಟೂವರೆ. ನಾನು ಬರೆದ ಕೋಡ್ ಇದ್ದ ಕಡೆಯೇ ಏನೋ ಕೈಕೊಟ್ಟಿತ್ತು. ವೀಸಾ ಕಾಗದಪತ್ರಕ್ಕೆ ಅಂತ ಹೇಳಿ ತಂದಿದ್ದ ಲ್ಯಾಪ್‌ಟಾಪ್ ಹಿಡಿದು ಬಾತ್‌ರೂಮ್ ಸೇರಿದೆ. ಕಮೋಡಿನ ಮುಚ್ಚಳದ ಮೇಲೆ ಕೂತು, ಇಯರ್‌ಫೋನ್ ಹಾಕಿಕೊಂಡು ಒಂದು ಗಂಟೆ ಪಿಸುಗುಟ್ಟಿದೆ. ಬಾಗಿಲು ತೆಗೆದರೆ ಇವಳು ಮಂಚದ ಮೇಲೆ ಎದ್ದು ಕೂತಿದ್ದಾಳೆ.

"ನಾನು ಕೆಲಸ ಬಿಟ್ಟು ಬಂದೆ. ನೀನು ಕೆಲಸ ಹೊತ್ಕೊಂಡು ಬಂದಿದೀಯ."

ಅವಳ ಬಾಯಲ್ಲಿ ಮೊದಲ 'ನೀನು' ಹೀಗೆ ಬಂತು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಐದು ನಿಮಿಷದ ಕೆಲಸ" ಅಂತ ಏನೋ ಅಂದೆ. ಗೋಡೆ ಕಡೆ ತಿರುಗಿ ಮಲಗಿದಳು. ಆ ರೂಮಿನಲ್ಲಿ ಮುನಿಸಿಕೊಂಡು ದೂರ ಹೋಗೋಣ ಅಂದರೂ ಜಾಗ ಇಲ್ಲ.

ಆರನೇ ದಿನ ಬೆಳಿಗ್ಗೆ ಮಾತಿಲ್ಲದೆ ಫುಶಿಮಿ ಇನಾರಿ ಬೆಟ್ಟ ಹತ್ತಿದೆವು. ಕೇಸರಿ ಬಣ್ಣದ ಸಾವಿರಾರು ತೋರಿ ಕಮಾನುಗಳ ಕೆಳಗೆ ದಾರಿ. ಎತ್ತರ 233 ಮೀಟರ್ ಅಷ್ಟೇ, ಆದರೆ ಮೆಟ್ಟಿಲು ಮುಗಿಯಲ್ಲ. ಇನಾರಿ ಮೂಲತಃ ಭತ್ತದ ದೇವರು, ಆಮೇಲೆ ವ್ಯಾಪಾರದ ದೇವರೂ ಆದ. ಹತ್ತುವಾಗ ಕಮಾನುಗಳು ಖಾಲಿಯಾಗಿ ಕಾಣುತ್ತವೆ. ಇಳಿಯುವಾಗ ನೋಡಿದರೆ ಪ್ರತಿ ಕಂಬದ ಹಿಂದೆಯೂ ಬರಹ. ಫೋನ್ ಹಿಡಿದು ಓದಿಸಿದರೆ ಎಲ್ಲ ದಾನಿಗಳ ಹೆಸರು, ಅದರಲ್ಲಿ ಎಷ್ಟೋ ಕಂಪನಿಗಳದ್ದು. "ಇಲ್ಲೂ ಕಂಪನಿನೇ" ಅಂದಳು. ಬೆಳಿಗ್ಗೆಯಿಂದ ಅದೇ ಮೊದಲ ಮಾತು.

ಅಲ್ಲೇ ಮೆಟ್ಟಿಲ ಮೇಲೆ ಕೂತು, ಬೆಂಗಳೂರಿನಲ್ಲೇ ಹೇಳಬೇಕಿದ್ದನ್ನು ಹೇಳಿದೆ. ರಜೆ ಕೊಡುವಾಗ ಮ್ಯಾನೇಜರ್ "ವಾಪಸ್ ಬಂದಾಗ ಪರಿಸ್ಥಿತಿ ಹೇಗಿರುತ್ತೋ ನೋಡೋಣ" ಅಂದಿದ್ದರು. ನನ್ನ ಟೀಮಿನಲ್ಲಿ ಈ ವರ್ಷ ಇಬ್ಬರನ್ನು ಮನೆಗೆ ಕಳಿಸಿದ್ದಾರೆ. ಇವಳ ಕೆಲಸ ಹೋಗಿದೆ, ನನ್ನದೂ ಹೋದರೆ ಏನು ಗತಿ ಅನ್ನೋ ಹೆದರಿಕೆಗೆ ಆನ್‌ಲೈನ್ ಇದ್ದೆ, ಇದ್ದೀನಿ ಅಂತ ತೋರಿಸೋಕೆ.

ಸುಮ್ಮನೆ ಕೇಳಿದಳು. "ಇದನ್ನ ಆಗಲೇ ಹೇಳಿದ್ರೆ ಟಿಕೆಟಿನಲ್ಲಿ ಒಂದು ಖಂಡ ಕಡಿಮೆ ಮಾಡ್ತಿದ್ವಿ. ಹೆದರಿಕೆ ಇರೋದು ತಪ್ಪಲ್ಲ. ನನಗೂ ಇದೆ. ನೀನು ಒಬ್ಬನೇ ಬಾತ್‌ರೂಮಲ್ಲಿ ಕೂತು ಹೆದರಿಕೊಂಡಿದ್ದು ತಪ್ಪು."

ಅಲ್ಲಿಂದಲೇ ಮ್ಯಾನೇಜರಿಗೆ ಬರೆದೆ: ಇನ್ನು ಫೆಬ್ರುವರಿಯವರೆಗೆ ಸಿಗಲ್ಲ, ನಾನು ನೋಡಿಕೊಳ್ಳುತ್ತಿದ್ದ ಭಾಗದ ವಿವರ ಇಲ್ಲಿದೆ. ಆಫೀಸಿನ ಆಪ್ ಎಲ್ಲ ತೆಗೆದೆ. ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲ್ಲ. "ಸರಿ, ಎಂಜಾಯ್" ಅಂತ ಉತ್ತರ ಬಂತು. ಅದರ ಅರ್ಥ ಏನು ಅಂತ ಇಬ್ಬರೂ ಬಸ್‌ಸ್ಟಾಪಿನಲ್ಲಿ ಅರ್ಧ ಗಂಟೆ ಚರ್ಚೆ ಮಾಡಿದೆವು. ಗೊತ್ತಾಗಲಿಲ್ಲ. ಆದರೆ ಈಗ ಯೋಚನೆ ಮಾಡೋರು ಇಬ್ಬರು.

ಇವತ್ತು ಎಕ್ಸೆಲ್ ಶೀಟಿನಿಂದ ಗಂಟೆಗಳ ಕಾಲಂ ಕಿತ್ತು ಹಾಕಿದೆವು. ಇನ್ನೊಂದು ವಿಷಯ ಗೊತ್ತಾಯಿತು. ಪೂರ್ವಕ್ಕೆ ಹೋಗುವವರು ದಾರಿಯುದ್ದಕ್ಕೂ ಗಡಿಯಾರ ಮುಂದೆ ತಿರುಗಿಸಿ ಗಂಟೆ ಕಳೆದುಕೊಳ್ತಾರೆ. ಜಪಾನಿಗೆ ಬಂದಾಗ ನಮ್ಮದು ಮೂರೂವರೆ ಗಂಟೆ ಹೋಯಿತು. ಪೆಸಿಫಿಕ್‌ನಲ್ಲಿ ದಿನಾಂಕ ರೇಖೆ ದಾಟುವಾಗ ಒಂದು ಇಡೀ ದಿನ ವಾಪಸ್ ಸಿಗುತ್ತೆ. ಮುಂದಿನ ಶನಿವಾರ ಸಂಜೆ ಟೋಕಿಯೊ ಬಿಟ್ಟರೆ ಅದೇ ಶನಿವಾರ ಬೆಳಿಗ್ಗೆ ಲಾಸ್ ಏಂಜಲೀಸ್. ಎರಡು ಶನಿವಾರ. ಟೋಕಿಯೊಗೆ ವಾಪಸ್ ಹೋಗುವ ರೈಲಿನಲ್ಲಿ ಫ್ಯೂಜಿ ಎಡಗಡೆ. ಸೀಟು ಬುಕ್ ಆಗಿದೆ, ಮೋಡ ಇರದಿದ್ದರೆ ಸಾಕು.

ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆವು. ಮಧ್ಯೆ ಇವಳು "ನೀನು ಸ್ವಲ್ಪ ಆ ಕಡೆ ಸರಿ, ಅತ್ತೆಗೆ ಕಾಣಿಸ್ತಿಲ್ಲ" ಅಂದಳು. ಅಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ ಕೇಳಿದರು, "ಏನೋ, ಜಗಳ ಆಡಿದ್ರಾ?"

"ಹೂಂ ಅಮ್ಮ," ಅಂದೆ. "ಮುಗೀತು."