ಹೊಗೆ ನಮಗೆ, ತಾಮ್ರ ಅವರಿಗೆ



ನಮ್ಮ ಹರಪನಹಳ್ಳಿ ಕಾಲು ಶತಮಾನದಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ತಿರುಗಿತು. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಪ್ರತಿ ಸಲ ಕಚೇರಿಯ ಬೋರ್ಡು ಬದಲಾಯಿತು. ಗುಜರಿ ಚೀಲ ಹೊತ್ತ ಹೆಗಲು ಬದಲಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಜನ ಬೆಂಗಳೂರಿಗೆ, ಮಂಗಳೂರಿಗೆ, ಕಾಫಿ ತೋಟಕ್ಕೆ ಗುಳೆ ಹೋಗ್ತಾರೆ. ಹೋಗೋಕೆ ಆಗದೆ ಉಳಿದ ಮುದುಕರು, ಹೆಂಗಸರು, ಮಕ್ಕಳಲ್ಲಿ ಕೆಲವರಿಗೆ ಗುಜರಿಯೇ ಗತಿ.

ಈ ಸಲ ನಾವು ಬರೆಯೋದು ಆ ಚೀಲದ ತಳದಲ್ಲಿರೋ ತಾಮ್ರದ ವೈರಿನ ಬಗ್ಗೆ. ಕೆಲವರು ನಗಬಹುದು. ಭೂಮಿ ಇದೆ, ಮೀಸಲಾತಿ ಇದೆ, ವಿದ್ಯಾರ್ಥಿವೇತನ ಇದೆ, ಇವರೇನು ಗುಜರಿ ಹಿಡಿದುಕೊಂಡು ಕೂತರು ಅನ್ನಬಹುದು. ನಗುವವರು ಒಂದು ಪ್ರಶ್ನೆಗೆ ಉತ್ತರ ಹೇಳಲಿ. ಚೀಲದಲ್ಲಿರೋ ಲೋಹಗಳಲ್ಲೆಲ್ಲ ಹೆಚ್ಚು ಬೆಲೆಯದು ತಾಮ್ರ. ಅದನ್ನು ಹೆಕ್ಕಿ, ಬಿಡಿಸಿ, ಹೊತ್ತು ತಂದವಳ ಕೈಗೆ ಮಾತ್ರ ಆ ಬೆಲೆ ಯಾಕೆ ಬರೋದಿಲ್ಲ?

ಮೊದಲು ತಾಮ್ರದ ಬೆಲೆ ಏನು ಅಂತ ತಿಳಿಯೋಣ. ನಮ್ಮ ನೆರೆಯ ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಈಗ ಮುಚ್ಚಿದೆ. ಗಣಿಯಲ್ಲಿ ಸಿಗೋ ಅದಿರು ನೂರು ಕಿಲೋ ಅಗೆದರೆ ಅದರಲ್ಲಿ ತಾಮ್ರ ಒಂದು ಕಿಲೋ ಆಸುಪಾಸು. ಮನೆಗೆ ಎಳೆಯೋ ವೈರಿನಲ್ಲಿ ಮೂರು ಪಾಲಿಗೆ ಹೆಚ್ಚುಕಡಿಮೆ ಎರಡು ಪಾಲು ತಾಮ್ರವೇ. ಅಂದರೆ ತಿಪ್ಪೆಯಲ್ಲಿ ಬಿದ್ದ ವೈರು ಯಾವ ಗಣಿಗಿಂತಲೂ ಶ್ರೀಮಂತ ಗಣಿ. ಹಳೇ ತಾಮ್ರ ಕರಗಿಸಿ ಹೊಸದು ಮಾಡೋಕೆ ಬೇಕಾದ ಶಕ್ತಿ, ಅದಿರಿನಿಂದ ತಾಮ್ರ ತೆಗೆಯೋ ಶಕ್ತಿಯ ಒಂದು ಸಣ್ಣ ಪಾಲು. 2018ರ ಮೇ ತಿಂಗಳಲ್ಲಿ ತಮಿಳುನಾಡಿನ ತೂತ್ತುಕುಡಿಯಲ್ಲಿ ತಾಮ್ರದ ಕಾರ್ಖಾನೆಯ ಹೊಗೆ ವಿರೋಧಿಸಿದ ಜನರ ಮೇಲೆ ಗೋಲಿಬಾರಾಗಿ 13 ಜನ ಸತ್ತರು. ಕಾರ್ಖಾನೆ ಮುಚ್ಚಿತು. ವರ್ಷಕ್ಕೆ 4 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಅದು. ತಾಮ್ರ ಹೊರದೇಶಕ್ಕೆ ಕಳಿಸುತ್ತಿದ್ದ ಭಾರತ ಆಮೇಲೆ ಹೊರಗಿಂದ ತರಿಸೋ ದೇಶವಾಯಿತು. 2021ರ ಮೇನಲ್ಲಿ ಲಂಡನ್ನಿನ ಲೋಹದ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಆಗಿನ ಲೆಕ್ಕಕ್ಕೆ ಕಿಲೋಕ್ಕೆ 700 ರೂಪಾಯಿ ಮೀರಿದ ಮಾಲು. ಇಂಥದ್ದು ನಮ್ಮ ಹೆಂಗಸರ ಚೀಲದಲ್ಲಿ ಇದೆ, ಅವರ ಲೆಕ್ಕದಲ್ಲಿ ಇಲ್ಲ.

ಬೆಲೆ ಸೋರೋ ಮೊದಲನೇ ತೂತು ಬೆಂಕಿ. ಸುಲಿಯೋಕೆ ಹೊತ್ತಿಲ್ಲ, ಹತಾರ ಇಲ್ಲ. ಹಳ್ಳದ ದಂಡೆಗೆ ಒಯ್ದು ಟೈರಿನ ತುಂಡು ಹಾಕಿ ವೈರು ಸುಡ್ತಾರೆ. ರಬ್ಬರು ಹೋಗಲಿ, ತಾಮ್ರ ಉಳಿಯಲಿ ಅಂತ. ತಾಮ್ರ ಕರಗೋದು 1,085 ಡಿಗ್ರಿಗೆ, ಹಾಗಾಗಿ ಅದು ಕರಗದೆ ಉಳಿಯೋದು ನಿಜ. ಆದರೆ ಬೆಂಕಿಗೆ ಸಿಕ್ಕ ತಾಮ್ರ ಮೇಲೆಲ್ಲ ಕಪ್ಪಿಟ್ಟು ಪೊರೆ ಏಳುತ್ತೆ. ಕೂದಲಿನಂಥ ಸಣ್ಣ ಎಳೆಗಳು ಮುಟ್ಟಿದರೆ ಪುಡಿಯಾಗುತ್ತವೆ. ಬೂದಿಯಲ್ಲಿ ಹೋದದ್ದು ಹೋಯಿತು. ಉಳಿದದ್ದನ್ನು ಅಂಗಡಿಯವನು ಕಾಲಲ್ಲಿ ತಳ್ಳಿ ನೋಡಿ ‘ಸುಟ್ಟ ಮಾಲು’ ಅಂತ ರೇಟು ಇಳಿಸ್ತಾನೆ. ಬೆವರು ಸುರಿಸಿ ನಮ್ಮ ಮಾಲನ್ನು ನಾವೇ ಒಂದು ದರ್ಜೆ ಕೆಳಗೆ ಇಳಿಸಿಕೊಂಡಂತೆ ಆಯಿತು.

ಎದೆಗೆ ಆಗೋದು ಇದಕ್ಕಿಂತ ದೊಡ್ಡ ನಷ್ಟ. ನಾವು ರಬ್ಬರು ಅನ್ನೋ ಆ ಹೊದಿಕೆ ಬಹುಪಾಲು ಪಿ.ವಿ.ಸಿ. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟರೆ ಕಣ್ಣು, ಗಂಟಲು ಉರಿಸೋ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತೆ. ಅದರ ಜೊತೆಗೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಅದು ಹುಟ್ಟೋಕೆ ತಾಮ್ರವೇ ಕುಮ್ಮಕ್ಕು ಕೊಡುತ್ತೆ. ಡಯಾಕ್ಸಿನ್ ಗಾಳಿಯಲ್ಲಿ ಹೋಗಿಬಿಡೋದಿಲ್ಲ. ಮಣ್ಣಿಗೆ ಇಳಿದು, ಅಲ್ಲಿ ಮೇಯೋ ಕೋಳಿಯ ಮೊಟ್ಟೆಗೆ, ಹಾಲಿಗೆ, ಮನುಷ್ಯರ ಕೊಬ್ಬಿಗೆ ಸೇರಿ ವರ್ಷಗಟ್ಟಲೆ ಕೂರುತ್ತೆ. ಹಳೇ ವೈರಿನ ಹೊದಿಕೆಯಲ್ಲಿ ಸೀಸವೂ ಇರುತ್ತೆ. ಸೀಸ ಮಕ್ಕಳ ಬುದ್ಧಿ ಬೆಳವಣಿಗೆಯನ್ನೇ ತಿನ್ನುತ್ತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗುಜರಿ ರಾಶಿಗಳ ನಡುವೆ ಬೆಳೆಯೋ ಮಕ್ಕಳ ಬಗ್ಗೆಯೇ ಒಂದು ವರದಿ ತಂದಿತು. ಶಾಲೆಯಲ್ಲಿ ‘ನಿಮ್ಮ ಹುಡುಗ ದಡ್ಡ’ ಅನ್ನೋ ಮೇಷ್ಟ್ರಿಗೆ ಹಳ್ಳದ ದಂಡೆಯ ಹೊಗೆ ಕಾಣೋದಿಲ್ಲ. ಅವರಿಗೆ ಕಾಣೋದು ಕೇರಿಯ ಹೆಸರು.

ಆಫ್ರಿಕಾದ ಘಾನಾ ದೇಶದ ಆಕ್ರಾ ನಗರದಲ್ಲಿ ಅಗ್ಬಾಗ್ಬ್ಲೋಶಿ ಅಂತ ಒಂದು ಗುಜರಿ ಬಯಲಿತ್ತು. ಬಡ ಹುಡುಗರು ಅಲ್ಲಿ ದಿನವೆಲ್ಲ ಕೇಬಲ್ ಸುಡುತ್ತಿದ್ದರು. ಲೋಕದ ಪತ್ರಿಕೆಗಳೆಲ್ಲ ಆ ಹುಡುಗರ ಫೋಟೋ ಹಾಕಿದವು. 2021ರ ಜುಲೈನಲ್ಲಿ ಸರ್ಕಾರ ಆ ಬಯಲನ್ನೇ ಬುಲ್ಡೋಜರ್ ಹೊಡೆದು ಖಾಲಿ ಮಾಡಿತು. ಬಡವರ ಕೆಲಸ ಕೊಳಕಾದರೆ ಕೊಳಕು ತೆಗೆಯೋ ಬದಲು ಬಡವರನ್ನೇ ತೆಗೆಯೋದು ಸರ್ಕಾರಗಳಿಗೆ ಸುಲಭ. ‘ವೈರು ಸುಡಬೇಡಿ’ ಅಂತ ನಾವು ಹೇಳುವಾಗ ಈ ಎಚ್ಚರ ಇರಬೇಕು. ಲಾಠಿ ಹಿಡಿದು ಬೆಂಕಿ ಆರಿಸಿದರೆ ಒಲೆಯೂ ಆರುತ್ತೆ. ಸುಡದೆ ಹೆಚ್ಚು ದುಡ್ಡು ಬರೋ ದಾರಿ ತೋರಿಸಿದರೆ ಬೆಂಕಿ ತಾನೇ ಆರುತ್ತೆ.

ಎರಡನೇ ತೂತು ತಿಳುವಳಿಕೆಯದು. ಅಂಗಡಿಯವನಿಗೆ ದರ್ಜೆ ಗೊತ್ತು, ನಮ್ಮವರಿಗೆ ಗೊತ್ತಿಲ್ಲ. ಎಲ್ಲಾ ಒಂದೇ ಚೀಲದಲ್ಲಿ ಸುರಿದರೆ ಅವನು ಕೆಳಗಿನ ದರ್ಜೆಯ ರೇಟಿಗೆ ಎಲ್ಲವನ್ನೂ ಕೊಳ್ತಾನೆ, ಆಮೇಲೆ ತಾನು ಬೇರೆ ಬೇರೆ ಮಾಡಿ ಮಾರ್ತಾನೆ. ಅಮೆರಿಕದ ಗುಜರಿ ವ್ಯಾಪಾರಿಗಳು ಇದಕ್ಕೆ ಹೆಸರುಗಳನ್ನೇ ಇಟ್ಟಿದ್ದಾರೆ. ಹೊದಿಕೆಯಿಲ್ಲದ, ಹೊಳೆಯೋ, ದಪ್ಪ ತಂತಿ ‘ಬಾರ್ಲಿ’. ಅದರ ಕೆಳಗೆ ‘ಬೆರ್ರಿ’. ಅಲ್ಲಿಗೂ ಸುಟ್ಟು ಪುಡಿಯಾಗೋ ತಂತಿಗೆ ಪ್ರವೇಶವಿಲ್ಲ. ಎರಡನೇ ದರ್ಜೆಯದು ‘ಬರ್ಚ್’. ಲೋಹಕ್ಕೂ ಮೆಟ್ಟಿಲುಂಟು ನೋಡಿ. ಆದರೆ ಆ ಮೆಟ್ಟಿಲಿಗೆ ಕಾರಣವುಂಟು. ಕೆರೆದು ನೋಡಬಹುದು, ತೂಗಿ ನೋಡಬಹುದು, ಸುಲಿದು ಚೊಕ್ಕ ಮಾಡಿದರೆ ಕೆಳಗಿನದು ಮೇಲಕ್ಕೆ ಹೋಗುತ್ತೆ. ಮನುಷ್ಯರನ್ನು ನಿಲ್ಲಿಸಿದ ಮೆಟ್ಟಿಲಿಗೆ ಇದಾವುದೂ ಇಲ್ಲ.

ಹಾಗಾದರೆ ವಿಂಗಡಿಸೋದು ಹೇಗೆ? ಹಾಸ್ಟೆಲಿನ ಗೆಳೆಯರು ಇದನ್ನು ಓದಿ ಮನೆಯಲ್ಲಿ ಹೇಳಬೇಕು.

ಮೊದಲು ಅಯಸ್ಕಾಂತ. ಅಂಟಿದರೆ ಕಬ್ಬಿಣ, ಪಕ್ಕಕ್ಕಿಡಿ. ಬೆಳ್ಳಗೆ ಕಂಡದ್ದೆಲ್ಲ ಅಲ್ಯೂಮಿನಿಯಂ ಅಂತ ಎಸೆಯಬೇಡಿ. ಚಾಕುವಿನಲ್ಲಿ ಕೆರೆಯಿರಿ. ಒಳಗೆ ಕೆಂಪು ಕಂಡರೆ ಅದು ತವರ ಬಳಿದ ತಾಮ್ರ. ಕೆಂಪಗೆ ಕಂಡದ್ದನ್ನೂ ಕೆರೆಯಿರಿ. ಒಳಗೆ ಬಿಳುಪು ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ. ಕೈಗೆ ಹಗುರ ಇರುತ್ತೆ. ಮೋಟಾರಿನ ವೈಂಡಿಂಗ್ ತಂತಿಯ ಮೇಲೆ ವಾರ್ನಿಶ್ ಇರುತ್ತೆ, ಅದನ್ನು ಬೇರೆ ಇಡಿ. ದಪ್ಪ ಕೇಬಲ್ಲು, ಮನೆ ವೈರು, ಕೂದಲೆಳೆಯ ಸಣ್ಣ ವೈರು, ಮೂರನ್ನೂ ಮೂರು ಗುಂಪು ಮಾಡಿ. ದಪ್ಪದ್ದನ್ನು ಬಿಸಿಲಿಗೆ ಹಾಕಿದರೆ ಹೊದಿಕೆ ಮೆತ್ತಗಾಗುತ್ತೆ. ಹಲಗೆಗೆ ಬ್ಲೇಡನ್ನು ಗಟ್ಟಿಯಾಗಿ ಕೂರಿಸಿ, ವೈರನ್ನು ಅದರ ಮೇಲೆ ಉದ್ದಕ್ಕೆ ಎಳೆದರೆ ಹೊದಿಕೆ ಸೀಳಿ ಬರುತ್ತೆ. ಬ್ಲೇಡಿನ ಮೊನೆ ಕೈಯ ಕಡೆಗೆ ಬೇಡ, ಮಕ್ಕಳ ಕೈಗೆ ಬ್ಲೇಡೇ ಬೇಡ. ಕೂದಲೆಳೆಯ ವೈರು ಸುಲಿಯೋಕೆ ಕೂಲಿ ಗಿಟ್ಟೋದಿಲ್ಲ, ಹೊದಿಕೆ ಸಮೇತ ಮಾರಿ, ಸುಡಬೇಡಿ. ಫ್ರಿಜ್ಜಿನ ಕಂಪ್ರೆಸರ್, ಹಳೇ ಟಿ.ವಿ.ಯ ಗಾಜಿನ ಕೊಳವೆ, ಟಿ.ಸಿ.ಯ ಎಣ್ಣೆ, ಇವಕ್ಕೆ ಕೈ ಹಾಕಬೇಡಿ.

ಇನ್ನು ಲೆಕ್ಕ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಮೀಟರ್ ಉದ್ದ ಇದ್ದರೆ ಅದು ಒಂದು ಘನ ಸೆಂಟಿಮೀಟರ್. ತಾಮ್ರದ ಸಾಂದ್ರತೆ 8.96. ಅಂದರೆ ಹತ್ತಿರ ಹತ್ತಿರ 9 ಗ್ರಾಂ. ವೈರಿನ ಮೇಲೆ 1.5 ಅಂತ ಅಚ್ಚಾಗಿದ್ದರೆ ಮೀಟರಿಗೆ ಹದಿಮೂರೂವರೆ ಗ್ರಾಂ ತಾಮ್ರ. 90 ಮೀಟರಿನ ಸುರುಳಿಯಲ್ಲಿ 1 ಕಿಲೋ 200 ಗ್ರಾಂ. ಬೋರ್‌ವೆಲ್ಲಿನ 2.5ರ ಮೂರೆಳೆ ಕೇಬಲ್ಲಿನಲ್ಲಿ ಮೀಟರಿಗೆ 67 ಗ್ರಾಂ. 50 ಮೀಟರಿಗೆ 3 ಕಿಲೋ 350 ಗ್ರಾಂ. ಅಚ್ಚು ಅಳಿಸಿದ್ದರೆ ಒಂದು ಮೀಟರ್ ಕತ್ತರಿಸಿ ತೂಗಿ, ಸುಲಿದು ಮತ್ತೆ ತೂಗಿ. ನೂರಕ್ಕೆ ಎಷ್ಟು ತಾಮ್ರ ಅಂತ ಗೊತ್ತಾಯಿತು. ಸುಲಿಯದೆ ಮಾರಿದರೂ ಆ ಲೆಕ್ಕದ ಮೇಲೆ ರೇಟು ಕೇಳಬಹುದು. ಇದು ಹೈಸ್ಕೂಲಿನ ಪಾಠ. ಪರೀಕ್ಷೆಗೆ ಬರೆದು ಮರೆತ ಸಾಂದ್ರತೆ ಅವ್ವನ ಚೀಲಕ್ಕೆ ಬರಬಾರದೆ?

ಮೂರನೇ ತೂತು ತಕ್ಕಡಿ. ‘ಅಣ್ಣಾ, ತೂಕ ಕಮ್ಮಿ ಬಂತಲ್ಲ’ ಅಂದರೆ ‘ಬೇಕಾದ್ರ ಕೊಡು, ಇಲ್ಲಾಂದ್ರ ತಗೊಂಡ್ ಹೋಗು’ ಅನ್ನೋ ಉತ್ತರ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ವ್ಯಾಪಾರದ ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷವರ್ಷ ಪರೀಕ್ಷೆ ಮಾಡಿಸಬೇಕು. ಮುದ್ರೆ ತೋರಿಸಿ ಅಂತ ಕೇಳೋದು ಜಗಳವಲ್ಲ, ಹಕ್ಕು. ಒಬ್ಬಳೇ ಕೇಳಿದರೆ ಬೈಗುಳ. ಹತ್ತು ಜನ ಸೇರಿ ಕೇಳಿದರೆ ಮುದ್ರೆ. ಹತ್ತು ಜನರ ಮಾಲು ಒಂದೇ ದಿನ ಒಂದೇ ರಾಶಿಯಾಗಿ ಹೋದರೆ ರೇಟೂ ಏರುತ್ತೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಆಡಬೇಕು. ಎಲ್ಲಾದರೂ ಪಂಪ್‌ಸೆಟ್ಟಿನ ಕೇಬಲ್ ಕಳುವಾದರೆ ಪೊಲೀಸರು ಮೊದಲು ಹುಡುಕೋದು ಚೀಲ ಹೊತ್ತವರನ್ನು. ತಿಪ್ಪೆಯಲ್ಲಿ ಆಯ್ದದ್ದಕ್ಕೂ ಏಟು. ಇದನ್ನು ನಾವು ಖಂಡಿಸುತ್ತೇವೆ. ಹಾಗೆಯೇ ಕದ್ದ ಕೇಬಲ್ಲು ನಮ್ಮ ಚೀಲಕ್ಕೆ ಬರಕೂಡದು ಅಂತಲೂ ಹೇಳುತ್ತೇವೆ. ಗಂಗಾ ಕಲ್ಯಾಣದಲ್ಲಿ ಬೋರು ಕೊರೆಸಿಕೊಂಡ ನಮ್ಮದೇ ಜನರ ಹೊಲದ ಕೇಬಲ್ಲು ಹೋದರೆ ಆ ವರ್ಷದ ಬೆಳೆ ಹೋಯಿತು. ವಿದ್ಯುತ್ ಲೈನಿನ ತಂತಿ ಕದ್ದರೆ 2003ರ ವಿದ್ಯುತ್ ಕಾಯ್ದೆಯ 136ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ಕದ್ದದ್ದು ಅಂತ ಗೊತ್ತಿದ್ದು ಕೊಂಡವನಿಗೂ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ಸಿಕ್ಕಿಬೀಳೋನು ಸೈಕಲ್ಲಿನವನು, ಲಾರಿ ತುಂಬಿ ಕಳಿಸಿದವನು ಸಿಕ್ಕಿಬೀಳೋದು ಅಪರೂಪ. ಅದಕ್ಕೇ ಒಂದು ನೋಟ್‌ಬುಕ್ ಬೇಕು. ಯಾವ ದಿನ, ಯಾರ ಮನೆಯಿಂದ, ಎಷ್ಟು ತೂಕ ಅಂತ ಬರೆದಿಟ್ಟರೆ ಠಾಣೆಯಲ್ಲಿ ಬಾಯಿಮಾತಿಗಿಂತ ಅದು ಗಟ್ಟಿ. ಅವ್ವನಿಗೆ ಬರೆಯೋಕೆ ಬಾರದಿದ್ದರೆ ಹಾಸ್ಟೆಲಿನಿಂದ ಮನೆಗೆ ಹೋದಾಗ ನೀವು ಬರೆದುಕೊಡಿ.

ಕಾನೂನು ಕಾಗದದ ಮೇಲೆ ನಮ್ಮ ಜನರನ್ನು ಕಂಡಿದೆ. 2011ರಲ್ಲಿ ಬೆಂಗಳೂರಿನಲ್ಲಿ ಚಿಂದಿ ಆಯುವವರು ಸಂಘಟಿತರಾಗಿ ಆಗಿನ ಬಿ.ಬಿ.ಎಂ.ಪಿ.ಯಿಂದ ಗುರುತಿನ ಚೀಟಿ ಪಡೆಯಲು ಶುರು ಮಾಡಿದರು. 2016ರ ಘನತ್ಯಾಜ್ಯ ನಿಯಮಗಳು ಅವರ ಹೆಸರು ಹೇಳಿ ಗುರುತಿಸಿದವು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಕೆಲಸಗಾರರನ್ನು ನೋಂದಾಯಿಸಿ, ಗುಂಪು ಕಟ್ಟಲು ನೆರವಾಗಿ, ತರಬೇತಿ ಕೊಡುವ ಹೊಣೆಯನ್ನು ರಾಜ್ಯದ ಮೇಲೆ ಹಾಕಿವೆ. 2024ರಲ್ಲಿ ಕೇಂದ್ರದ ‘ನಮಸ್ತೆ’ ಯೋಜನೆಗೆ ಚಿಂದಿ ಆಯುವವರನ್ನೂ ಸೇರಿಸಿದರು. ಬೆಂಗಳೂರಿನ ಚೀಟಿ ಯಾರೂ ಮನೆಗೆ ತಂದು ಕೊಟ್ಟದ್ದಲ್ಲ, ಕೇಳಿ ಪಡೆದದ್ದು. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿಯಲ್ಲೂ ಕೇಳಬೇಕು.

ನಮ್ಮ ಬೇಡಿಕೆ ಇಷ್ಟು:

1. ಪ್ರತಿ ಊರಿನ ಪುರಸಭೆ, ಪಟ್ಟಣ ಪಂಚಾಯಿತಿ ಗುಜರಿ ಆಯುವವರನ್ನು ಪಟ್ಟಿ ಮಾಡಿ ಗುರುತಿನ ಚೀಟಿ ಕೊಡಲಿ.

2. ನೆರಳಿರುವ ಒಂದು ಶೆಡ್ಡು, ಕೈಯಲ್ಲಿ ತಿರುಗಿಸುವ ವೈರು ಸುಲಿಯೋ ಯಂತ್ರ, ಕೈಗವಸು, ಮುದ್ರೆಯಿರುವ ತಕ್ಕಡಿ ಒದಗಿಸಲಿ. ಅಲ್ಲಿ ಆ ದಿನದ ತಾಮ್ರದ ರೇಟು ಕರಿಹಲಗೆಯ ಮೇಲೆ ಬರೆಯಲಿ.

3. ಸುಟ್ಟ ಜಾಗಗಳ ಪಕ್ಕದ ಕೇರಿಗಳ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಆರೋಗ್ಯ ಇಲಾಖೆ ಪರೀಕ್ಷೆ ಮಾಡಿಸಲಿ.

4. ಸಾಕ್ಷಿ ಇಲ್ಲದೆ ಚೀಲ ಹೊತ್ತವರನ್ನು ಠಾಣೆಗೆ ಎಳೆಯೋದು ನಿಲ್ಲಲಿ.

ಇದೆಲ್ಲ ಆದರೆ ಈ ಕೆಲಸವೇ ನಮ್ಮ ಮಕ್ಕಳಿಗೂ ಇರಲಿ ಅಂತ ನಾವು ಹೇಳ್ತಿಲ್ಲ. ಕೊಳಕು ಕೆಲಸಕ್ಕೆ ಒಂದೇ ಕೇರಿಯ ಕೈಗಳನ್ನು ಕಟ್ಟಿಹಾಕಿದ ಗಂಟನ್ನು ಬಿಚ್ಚಲೇಬೇಕು. ಬಿಚ್ಚೋವರೆಗೆ ಇವತ್ತು ಚೀಲ ಹೊತ್ತವರು ಹೊಗೆ ಕುಡಿಯದೆ, ಮೋಸ ಹೋಗದೆ, ಕಳ್ಳರೆನಿಸಿಕೊಳ್ಳದೆ ದುಡಿದದ್ದನ್ನು ಮನೆಗೆ ಒಯ್ಯಬೇಕು. ಆ ದುಡ್ಡಿನಲ್ಲೇ ಎಷ್ಟೋ ಹಾಸ್ಟೆಲ್ ಹುಡುಗರ ನೋಟ್‌ಬುಕ್ಕು, ಬಸ್ ಚಾರ್ಜು ಬಂದಿರುತ್ತೆ.

ಬರೋ ರಜೆಗೆ ಊರಿಗೆ ಹೋಗುವಾಗ ಪ್ರತಿಯೊಬ್ಬರೂ ಒಂದು ಅಯಸ್ಕಾಂತ, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಒಯ್ಯಿರಿ. ಕೇರಿಯಲ್ಲಿ ಹತ್ತು ಮನೆಯವರನ್ನು ಕೂರಿಸಿ ಒಂದು ಮೀಟರ್ ವೈರು ಸುಲಿದು ತೂಗಿ ತೋರಿಸಿ. ಬಂದ ಲೆಕ್ಕವನ್ನು ಮುಂದಿನ ಸಭೆಗೆ ತನ್ನಿ. ಊರೂರಿನ ಲೆಕ್ಕ ಸೇರಿಸಿಕೊಂಡೇ ಪುರಸಭೆಯ ಬಾಗಿಲಿಗೆ ಹೋಗೋಣ.